ಕುರುಗೋಡಿನ ಬಾಗಿಲಕ್ಕ

ಅಕ್ಕ ಹೋದ ಸುದ್ದಿ ತಂದವನು ಆಕೆಯ ಗಂಡ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನನ್ನ ಪಾಲಿಶ್ ಅಂಗಡಿಯ ಎದುರು, ರಸ್ತೆಯ ಆಚೆ ಬದಿಯಲ್ಲಿ, ಬಿಸಿಲಿಗೆ ತಲೆಯೊಡ್ಡಿ ನಿಂತಿದ್ದ. ಒಳಗೆ ಬರ್ರಿ ಎಂದು ಕರೆದೆ. ಬರಲಿಲ್ಲ. ಗೋಡೆಗೆ ಒರಗಿಸಿದ್ದ ಹೊಸ ಬಾಗಿಲುಗಳನ್ನು ಒಮ್ಮೆ ನೋಡಿ, ನೀನೇ ಹೊರಗೆ ಬಾ ಎಂಬಂತೆ ಕೈಯಾಡಿಸಿದ. ನಾನೇ ರಸ್ತೆ ದಾಟಿ ಹೋದೆ.

"ಮುಂಜಾನಿ ಹೋದ್ಳ್ರಿ," ಎಂದ. ಮತ್ತೆ ಆ ಬಾಗಿಲುಗಳ ಕಡೆ ನೋಡಿ, "ನಾ ಹೇಳಿದ್ದೆ. ಮದಿವಿ ಆದ ವರ್ಷನ ಹೇಳಿದ್ದೆ, ನಮ್ಮ ಮನ್ಯಾಗ ಉಳಿ ಮುಟ್ಟಬ್ಯಾಡ ಅಂತ," ಎಂದ.

ಆ ಹೊತ್ತಿನಲ್ಲಿ ಅವನೊಂದಿಗೆ ವಾದಿಸುವ ಮನಸ್ಸಾಗಲಿಲ್ಲ. ಅವನು ಹೆದರಿದ್ದು ಸರಿಯಾಗಿಯೇ ಇತ್ತು. ಹೆದರಿಕೆಗೆ ಅವನು ಕೊಡುತ್ತಿದ್ದ ಕಾರಣ ಮಾತ್ರ ತಪ್ಪಾಗಿತ್ತು. ಅದನ್ನು ತಿಳಿಯಲು ನಮಗೆಲ್ಲ ಬಹಳ ತಡವಾಯಿತು.

ಆಕೆ ನನ್ನ ಒಡಹುಟ್ಟಿದವಳಲ್ಲ. ಕುರುಗೋಡಿನಲ್ಲಿ ಎಲ್ಲರೂ ಬಾಗಿಲಕ್ಕ ಎನ್ನುತ್ತಿದ್ದರು, ನಾನು ಬರೀ ಅಕ್ಕ ಎಂದೆ. ಹೊಸ ಮನೆಗಳಿಗೆ ಆಕೆ ಬಾಗಿಲು, ಕಿಟಕಿ ಮಾಡುತ್ತಿದ್ದಳು. ಉಜ್ಜಿ ನುಣುಪು ಮಾಡಿ ಪಾಲಿಶ್ ಹಚ್ಚುವುದು ನನ್ನ ಕೆಲಸ. ಮೊದಲ ಸಲ ಆಕೆಯ ಶೆಡ್ಡಿಗೆ ಹೋದಾಗ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬಳು ಮರದ ತುಂಡಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. "ಮೇಸ್ತ್ರಿ ಎಲ್ಲದಾರ್ರಿ?" ಎಂದು ಕೇಳಿದೆ.

"ಮೇಸ್ತ್ರಿ ಚಾ ಕುಡ್ಯಾಕ ಹತ್ತ್ಯಾನ. ಕುಂದ್ರು," ಎಂದು ಹೇಳಿ ತಾನು ಇನ್ನೊಂದು ಗುಟುಕು ಕುಡಿದಳು. ಲೋಟ ಪೂರ್ತಿ ಖಾಲಿ ಆಗುವವರೆಗೂ ನಗಲಿಲ್ಲ. ಆಮೇಲೆ ನಕ್ಕಿದ್ದು ನೋಡಬೇಕು, ಶೆಡ್ಡಿನ ತಗಡು ನಡುಗುವ ಹಾಗೆ.

ಶೆಡ್ಡಿನ ನಡುವೆ ಒಂದು ದಪ್ಪ ಮೇಜು. ಅದರ ಹೊಟ್ಟೆಯೊಳಗೆ ಕಟ್ಟಿಗೆಯಲ್ಲಿ ತೋಡು ಕೊರೆಯುವ ರೂಟರ್ ಯಂತ್ರವನ್ನು ತಲೆಕೆಳಗಾಗಿ ಕೂರಿಸಿದ್ದಳು. ಮೇಲೆ ಕಾಣುವುದು ಬೆರಳು ಗಾತ್ರದ ಬಿಟ್, ಅಂದರೆ ಕೊರೆಯುವ ಮೊನೆ ಮಾತ್ರ. ಅದು ತಿರುಗಲು ಶುರುವಾದರೆ ತಿರುಗುವುದು ಕಣ್ಣಿಗೆ ಕಾಣುವುದಿಲ್ಲ, ನಿಂತಿದೆ ಎಂದೇ ಅನಿಸುತ್ತದೆ. ಅದಕ್ಕೇ ಅದು ಅಪಾಯ. ಅಕ್ಕ ಬಾಗಿಲಿನ ಪಟ್ಟಿಯನ್ನು ಮಗ್ಗುಲಾಗಿ ಹಿಡಿದು ಅದರ ಮೇಲೆ ನಿಧಾನವಾಗಿ ತಳ್ಳುತ್ತಿದ್ದಳು. ಪಟ್ಟಿಯ ಅಂಚಿನಲ್ಲಿ ಉದ್ದಕ್ಕೂ ನೇರವಾದ ತೋಡು ಬೀಳುತ್ತಿತ್ತು. ನಾಲ್ಕು ಪಟ್ಟಿ ಕೂಡಿಸಿದರೆ ಚೌಕಟ್ಟು, ಆ ತೋಡಿನೊಳಗೆ ಕೂರುವುದು ನಡುವಿನ ಹಲಗೆ. ಪಟ್ಟಿಗೆ ಪಟ್ಟಿ ಸೇರುವಲ್ಲಿ ಒಂದರಲ್ಲಿ ತೂತಿನಂಥ ಗಂಡಿ, ಇನ್ನೊಂದರಲ್ಲಿ ಅದಕ್ಕೆ ಸರಿಹೊಂದುವ ನಾಲಿಗೆ. ಗಂಡಿಯನ್ನೂ ರೂಟರಿನಿಂದಲೇ ತೋಡುತ್ತಿದ್ದಳು. ಒಂದೇ ಸಲಕ್ಕೆ ಆಳಕ್ಕೆ ಇಳಿಯದೆ, ಸ್ವಲ್ಪ ಸ್ವಲ್ಪವೇ ಕೆತ್ತಿಸಿ, ಕೊನೆಗೆ ದುಂಡಗಾಗಿ ಉಳಿದ ಮೂಲೆಗಳನ್ನು ಉಳಿ, ಕೊಡತಿ ಹಿಡಿದು ಚೌಕ ಮಾಡುತ್ತಿದ್ದಳು.

"ಯಂತ್ರ ಹಾಡಾಕ ಹತ್ತಿದ್ರ ತಳ್ಳು, ಬೈಯಾಕ ಹತ್ತಿದ್ರ ಹಿಂದಕ್ಕ ತಗಿ," ಎನ್ನುತ್ತಿದ್ದಳು. ಬಿಟ್ ತಿರುಗುವ ದಿಕ್ಕಿನ ಜೊತೆಗೆ ಕಟ್ಟಿಗೆ ತಳ್ಳಿದರೆ ಅದು ಕೈಯಿಂದ ಕಸಿದುಕೊಂಡು ಹೋಗುತ್ತದೆ. "ಯಾವಾಗ್ಲೂ ಎದುರಿಗೆ ಹೋಗಬೇಕು ತಮ್ಮಾ. ಜೋಡಿ ಹೋದ್ರ ಬಳ್ಳು ಹಿಡಕೊಂಡು ಹೋಗ್ತೈತಿ." ಆ ಶೆಡ್ಡಿನಲ್ಲಿ ನಾವು ಹೆದರಿದ್ದು ಬೆರಳಿಗಾಗಿ. ಬೆರಳು ಹೋಗದ ಹಾಗೆ ಎಲ್ಲ ಎಚ್ಚರಿಕೆಯನ್ನೂ ಆಕೆ ವಹಿಸಿದ್ದಳು. ತಳ್ಳಲು ಮರದ ಹಿಡಿ ಮಾಡಿಕೊಂಡಿದ್ದಳು, ಬಳೆ ಬಿಚ್ಚಿಟ್ಟಿದ್ದಳು, ಜಡೆಯನ್ನು ಅಂಗಿಯ ಒಳಗೆ ಸೇರಿಸುತ್ತಿದ್ದಳು.

ಹೊರಗೆ ಗಾಳಿ ಎದ್ದರೆ ಕೆಂಪು ಧೂಳು ಹಸಿ ಪಾಲಿಶಿಗೆ ಅಂಟಿಕೊಳ್ಳುತ್ತದೆಂದು ಕಿಟಕಿಗಳನ್ನು ಮುಚ್ಚುತ್ತಿದ್ದೆವು. ಒಳಗಿನ ಧೂಳಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅದು ಹಿಟ್ಟಿಗಿಂತ ನುಣ್ಣಗಿತ್ತು. ರೂಟರ್ ನಿಂತ ಮೇಲೂ ಬಹಳ ಹೊತ್ತು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಚಹಾದ ಮೇಲೆ ಕೂತರೆ ಊದಿ ಕುಡಿಯುತ್ತಿದ್ದೆವು.

ಅಕ್ಕನ ಗಂಡನ ಮನೆಯವರು ಹಿಂದಿನಿಂದಲೂ ಬಡಗಿಗಳು. ಆ ಮನೆಗೆ ಒಂದು ಶಾಪವಿದೆ ಎಂದು ಊರಲ್ಲಿ ಹೇಳುತ್ತಿದ್ದರು. ಮಾವನ ಅಪ್ಪ ಯಾವುದೋ ಕಾಲದಲ್ಲಿ ಅಮ್ಮನವರ ಗುಡಿಯ ಮುಂದಿನ ಬೇವಿನ ಮರ ಕಡಿದನಂತೆ, ಆ ಮರದ ಬುಡದಿಂದ ಕೆಂಪು ರಸ ಹರಿಯಿತಂತೆ, ಅಂದಿನಿಂದ ಆ ಮನೆಯಲ್ಲಿ ಉಳಿ ಹಿಡಿದವರ ಮೂಗಿನಿಂದ ರಕ್ತ ಇಳಿಯುತ್ತದಂತೆ. ಕಥೆ ಹೇಗೋ ಇರಲಿ, ರಕ್ತ ಇಳಿದದ್ದು ನಿಜ. ಮಾವನ ಅಣ್ಣ ಮುಖದ ಒಂದು ಮಗ್ಗುಲು ಊದಿಕೊಂಡು ಸತ್ತಿದ್ದ. ಅದನ್ನು ನೋಡಿದ ಅಕ್ಕನ ಗಂಡ, ಅಪ್ಪನ ಕಸುಬಿಗೆ ಕೈ ಮುಗಿದು, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ವಾರಕ್ಕೊಮ್ಮೆ ಮನೆಗೆ ಬಂದರೂ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ.

ಕಸುಬು ನಿಂತುಹೋಗುತ್ತದೆಂದು ಮಾವ ಮಂಕಾಗಿ ಕೂತಿದ್ದಾಗ, ಸೊಸೆ ಉಳಿ ಎತ್ತಿಕೊಂಡು ಎದುರಿಗೆ ಕೂತಳಂತೆ. "ನನಗ ಕಲಸ್ರಿ ಮಾವ. ನಾ ಈ ಮನ್ಯಾಗ ಹುಟ್ಟಿದಾಕಿ ಅಲ್ಲ, ನನಗೇನೂ ಆಗೂದಿಲ್ಲ." ಆತ ಕಲಿಸಿದ. ವರ್ಷಗಟ್ಟಲೆ ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ದುಡಿದವನು ಆತ. ಸೊಸೆಗೆ ಕೆಲಸ ಕೈಗೆ ಹತ್ತುವ ಹೊತ್ತಿಗೆ ಆತನ ಮೂಗಿನಿಂದಲೂ ರಕ್ತ ಇಳಿಯತೊಡಗಿತು. ಕೊನೆಯ ದಿನಗಳಲ್ಲಿ ಆತನ ಮುಖ ಒರೆಸಿದವಳು ಅಕ್ಕನೇ. ಆ ಮುಖ ಹೇಗಿತ್ತೆಂದು ಒಮ್ಮೆ ಹೇಳಲು ಹೊರಟು, ಅರ್ಧಕ್ಕೇ ಬಿಟ್ಟು, ಮತ್ತೆ ಯಂತ್ರ ಚಾಲು ಮಾಡಿದ್ದಳು.

ಅಕ್ಕನ ಶೆಡ್ಡಿಗೆ ಹೆಂಗಸರು ಬರತೊಡಗಿದ್ದು ಹುಲಿಗೆಮ್ಮನಿಂದ. ಆಕೆ ತೆಕ್ಕಲಕೋಟೆಯವಳು. ಭತ್ತದ ನಾಟಿಗೆ ಹೋಗಿ ಹೋಗಿ ಸೊಂಟ ಹಿಡಿದುಕೊಂಡಿತ್ತು. ಮನೆಗೆ ಒಂದು ಕಿಟಕಿ ಮಾಡಿಸಲು ಬಂದವಳು, ಅಕ್ಕ ತೋಡು ತೆಗೆಯುವುದನ್ನು ನೋಡುತ್ತ ಸಂಜೆಯವರೆಗೂ ನಿಂತುಬಿಟ್ಟಳು. "ಅಕ್ಕಾ, ನನಗೂ ಬರ್ತೈತೇನು ಇದು?" ಎಂದು ಕೇಳಿದಳು. "ಕೈ ಅದಾವಲ್ಲ ನಿನಗ?" ಎಂದಳು ಅಕ್ಕ. ಆಮೇಲೆ ಹುಲಿಗೆಮ್ಮನ ಹಿಂದೆ ಇನ್ನೂ ಕೆಲವರು ಬಂದರು. ಅದರಲ್ಲಿ ಒಬ್ಬಿಬ್ಬರು ಆಂಧ್ರದ ಗಡಿಯ ರಾರಾವಿ ಕಡೆಯವರು, ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದರು. ಶೆಡ್ಡು ತುಂಬಿತು. ನಗು, ಯಂತ್ರದ ಸದ್ದು, ಧೂಳು. ಅಕ್ಕ ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಲಿಲ್ಲ. ನಡುವಿನ ಹಲಗೆಗೆ ಗೋಂದು ಹಚ್ಚಲು ಹೋದ ಹುಲಿಗೆಮ್ಮನ ಕೈ ಹಿಡಿದು, "ಅದಕ್ಕ ಗೋಂದು ಬ್ಯಾಡ. ಬ್ಯಾಸಗ್ಯಾಗ ಸಣ್ಣ ಆಗ್ತೈತಿ, ಮಳ್ಯಾಗ ದೊಡ್ಡ ಆಗ್ತೈತಿ. ಜಾಗ ಬಿಡು, ಇಲ್ಲಂದ್ರ ಸೀಳ್ತೈತಿ," ಎಂದು ಹೇಳಿದ ದಿನ ನನಗೆ ನೆನಪಿದೆ.

ಅದಾದ ಕೆಲವೇ ದಿನಗಳಲ್ಲಿ ನಾನು ಶೆಡ್ಡಿನ ಹೊರಗೆ ಬಾಗಿಲು ಉಜ್ಜುತ್ತಿದ್ದೆ. ಸುಟ್ಟ ವಾಸನೆ ಬಂತು. ಒಳಗೆ ನೋಡಿದರೆ ಮೊಂಡಾದ ಬಿಟ್ಟಿಗೆ ಸಿಕ್ಕ ಪಟ್ಟಿ ಕಪ್ಪಗಾಗಿ ಹೊಗೆಯಾಡುತ್ತಿತ್ತು. ಅಕ್ಕ ಬೇರೆ ಕಡೆ ತಿರುಗಿ ಯಾರಿಗೋ ಏನೋ ಹೇಳುತ್ತ, ಕೈಯನ್ನು ಅಲ್ಲೇ ಒತ್ತಿ ಹಿಡಿದಿದ್ದಳು. ಓಡಿ ಹೋಗಿ ಸ್ವಿಚ್ ಆರಿಸಿದೆ.

"ವಾಸನಿ ಬರಲಿಲ್ಲೇನ್ರಿ ಅಕ್ಕಾ?"

"ಯಾವ ವಾಸನಿ?" ಎಂದಳು.

ಕಟ್ಟಿಗೆಯ ಹೊಟ್ಟನ್ನು ಮೂಗಿಗೆ ಹಿಡಿದು ಇದು ಸಾಗುವಾನಿ, ಇದು ಬೇವು, ಇದು ಮತ್ತಿ ಎಂದು ಹೇಳುತ್ತಿದ್ದವಳು ಆಕೆ. ಸುಟ್ಟ ಪಟ್ಟಿಯನ್ನು ಎತ್ತಿ ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಹೆಂಗಸರ ಕಡೆ ನೋಡಿ, "ನೆಗಡಿ ಆಗೈತಿ," ಎಂದು ನಕ್ಕಳು.

ನೆಗಡಿ ಹೋಗಲಿಲ್ಲ. ಬಲಗಡೆಯ ಮೂಗು ಕಟ್ಟಿದ್ದು ಕಟ್ಟಿಯೇ ಇತ್ತು. ಬಲಗಣ್ಣಿನಿಂದ ಸುಮ್ಮಸುಮ್ಮನೆ ನೀರು ಸೋರುತ್ತಿತ್ತು. ಒಂದು ಮಧ್ಯಾಹ್ನ ಆಗಷ್ಟೇ ಕೀಸಿ ನುಣುಪು ಮಾಡಿದ ಹಲಗೆಯ ಮೇಲೆ ಒಂದು ಕೆಂಪು ಹನಿ ಬಿತ್ತು. ಅದರ ಮೇಲೆ ಇನ್ನೊಂದು. ಎದುರಿಗೆ ಇದ್ದವನು ನಾನೊಬ್ಬನೇ. ಹೆಂಗಸರು ಊಟಕ್ಕೆ ಕೂತಿದ್ದರು. ಅಕ್ಕ ಸೆರಗಿನಿಂದ ಮೂಗು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೀಸುಳಿ ತೆಗೆದುಕೊಂಡು, ಆ ಕಲೆ ಹೋಗುವವರೆಗೂ ಹಲಗೆಯನ್ನು ಕೀಸಿದಳು.

"ಇದು ಈ ಮನ್ಯಾಗ ಹುಟ್ಟಿದವರಿಗೆ ಮಾತ್ರ ಅಂದ್ಕೊಂಡಿದ್ದೆ," ಎಂದಳು. ತಮಾಷೆ ಮಾಡುವ ದನಿಯೇ ಆದರೂ, ಕಲೆ ಹೋದ ಜಾಗವನ್ನು ಮತ್ತೊಮ್ಮೆ ಕೀಸಿದಳು.

ಬಳ್ಳಾರಿಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಗಂಡನಿಗೆ ಹೇಳುವುದು ಬೇಡ ಎಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಬೇವಿನ ಮರಗಳನ್ನೇ ನೋಡುತ್ತಿದ್ದಳು. "ನಾ ಯಾವ ಮರನೂ ಕಡಿದಿಲ್ಲ ತಮ್ಮಾ. ಬರೇ ತಂದ ಹಲಗಿ ಕೊರದೀನಿ," ಎಂದಳು ಒಮ್ಮೆ.

ಮೂಗಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಒಳ್ಳೆಯವರು. ದೀಪ ಹಾಕಿ ನೋಡಿದರು, ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆ ಕುರ್ಚಿ ಸರಿದ ಸದ್ದಿಗೇ ನನಗೆ ಗೊತ್ತಾಗಿಹೋಯಿತು.

"ನಿಮ್ಮ ಕೆಲಸ ಏನಮ್ಮ?" ಎಂದು ಕೇಳಿದರು. ಬಡಗಿ ಕೆಲಸ ಎಂದಳು ಅಕ್ಕ. ಎಷ್ಟು ವರ್ಷದಿಂದ, ಯಂತ್ರ ಇದೆಯೇ, ಧೂಳು ಹೊರಗೆ ಹೋಗುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂದೆಲ್ಲ ಕೇಳಿದರು. ಅಕ್ಕ ಮಾವನ ವಿಷಯ ಹೇಳಿದಳು, ಮಾವನ ಅಣ್ಣನ ವಿಷಯ ಹೇಳಿದಳು, ತಡೆದು ತಡೆದು ಬೇವಿನ ಮರದ ವಿಷಯವನ್ನೂ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. ಗಟ್ಟಿ ಮರದ ನುಣ್ಣನೆಯ ಧೂಳು ವರ್ಷಗಟ್ಟಲೆ ಮೂಗಿನೊಳಗೆ ಹೋದರೆ ಕೆಲವರಿಗೆ ಅಲ್ಲಿ ಕ್ಯಾನ್ಸರ್ ಆಗುತ್ತದೆ, ಎಲ್ಲರಿಗೂ ಆಗುವುದಿಲ್ಲ, ಆದರೆ ಬಡಗಿಗಳಲ್ಲಿ ಇದು ಮೊದಲಿನಿಂದಲೂ ಗೊತ್ತಿರುವ ಕಾಯಿಲೆ ಎಂದು ಬಿಡಿಸಿ ಹೇಳಿದರು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಬೇಕು, ತಡಮಾಡಬಾರದು ಎಂದರು.

ಅಕ್ಕ ಮುಖ ಎತ್ತಿದಳು. ತನ್ನ ಬಗ್ಗೆ ಏನೋ ಕೇಳುತ್ತಾಳೆ ಎಂದುಕೊಂಡೆ.

"ಆ ಧೂಳು ಎಷ್ಟು ಕುಡದ್ರ ಬರ್ತೈತ್ರಿ? ಈಗೀಗ ಶುರು ಮಾಡಿದವರಿಗೆ?"

"ಈಗ ನಿಲ್ಲಿಸಿದರೆ, ಇಲ್ಲಾ ಧೂಳು ಒಳಗೆ ಹೋಗದ ಹಾಗೆ ನೋಡಿಕೊಂಡರೆ, ಅವರಿಗೆ ಏನೂ ಆಗದೇ ಇರಬಹುದು," ಎಂದರು ಡಾಕ್ಟರಮ್ಮ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಯಾರಿಗೂ ಹೇಳಬ್ಯಾಡ. ಹುಲಿಗಿಗಂತೂ ಹೇಳಲೇಬ್ಯಾಡ," ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಮರುದಿನ ಹೆಂಗಸರು ಬಂದಾಗ ಶೆಡ್ಡಿಗೆ ಬೀಗ ಹಾಕಿತ್ತು. ಅಕ್ಕ ಬಾಗಿಲ ಮುಂದೆ ನಿಂತಿದ್ದಳು. "ಇವತ್ತಿಂದ ಬರಬ್ಯಾಡ್ರಿ. ನಿಮಗ ಕಲಿಸಿ ಕಲಿಸಿ ನನ್ನ ಕೆಲಸ ಕೆಡಾಕ ಹತ್ತೈತಿ. ನಾಟಿ ಹಚ್ಚೋ ಕೈಗೆ ಇದು ಬರೂದಿಲ್ಲ, ಹೋಗ್ರಿ," ಎಂದಳು. ಅದೇ ಬಾಯಿಂದ ಅಂಥ ಮಾತು ಬಂದದ್ದನ್ನು ಯಾರೂ ನಂಬಲಿಲ್ಲ. ಒಬ್ಬಳು ಅಳತೊಡಗಿದಳು. ಹುಲಿಗೆಮ್ಮ ಅಳಲಿಲ್ಲ. "ನಮ್ಮ ಕೆಲಸ ಚಂದ ಆಗಾಕ ಹತ್ತಿತ್ತು, ಅದು ನಿನಗ ತಡೀಲಿಲ್ಲ. ಕುಳ್ಳು ನಿನಗ, ಕುಳ್ಳು!" ಎಂದು ಕೂಗಿದಳು. ಹೊಟ್ಟೆಕಿಚ್ಚಿಗೆ ತೆಲುಗಿನವರು ಹೇಳುವ ಮಾತು ಅದು, ರಾರಾವಿಯವರ ಬಾಯಿಂದ ಕಲಿತಿದ್ದಳು. ಅಕ್ಕ ಬೀಗದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಳು. ಅವರು ಬಸ್ ನಿಲ್ದಾಣದ ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಆಗ ಮತ್ತೆ ರಕ್ತ ಬಂತು.

ಊರೆಲ್ಲ ಆಡಿಕೊಂಡಿತು. ಬಾಗಿಲಕ್ಕನಿಗೆ ಸೊಕ್ಕು ಬಂತು, ಬಡ ಹೆಂಗಸರನ್ನು ದುಡಿಸಿಕೊಂಡು ದಬ್ಬಿದಳು ಎಂದರು. ಬಸ್ಸಿನಲ್ಲಿ ಎದುರಾದಾಗ ಹುಲಿಗೆಮ್ಮ ನನ್ನಿಂದಲೂ ಮುಖ ತಿರುಗಿಸಿಕೊಂಡಳು. ಈ ನಡುವೆ ಅಕ್ಕ ಹುಬ್ಬಳ್ಳಿಗೆ ಹೋದಳು. ಆಗ ಗಂಡನಿಗೆ ಹೇಳಲೇಬೇಕಾಯಿತು. ಅವನು ದವಾಖಾನೆಯಲ್ಲಿ ಹಗಲೂ ರಾತ್ರಿ ಹಾಸಿಗೆಯ ಪಕ್ಕ ಕೂತಿದ್ದ. ಎಲ್ಲ ಸೇವೆ ಮಾಡಿದ. ಆದರೆ ಡಾಕ್ಟರು ಧೂಳಿನ ಮಾತು ಎತ್ತಿದಾಗಲೆಲ್ಲ ತಲೆಯಾಡಿಸಿ, ಅವರು ಹೋದ ಮೇಲೆ ಅಮ್ಮನ ಹೆಸರಿನಲ್ಲಿ ಅಕ್ಕನ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಿದ್ದ. ಅಕ್ಕ ಬೇಡ ಎನ್ನಲಿಲ್ಲ.

ವಾಪಸ್ ಬಂದ ಅಕ್ಕನ ಬಲಗೆನ್ನೆ ಒಳಗೆ ಹೋಗಿತ್ತು. ಮೇಲಿನ ದವಡೆಯ ಒಂದು ಭಾಗವನ್ನೇ ತೆಗೆದಿದ್ದರು. ತೂತು ಮುಚ್ಚಲು ಅಂಗುಳಕ್ಕೆ ಒಂದು ತಟ್ಟೆ ಕೂರಿಸಿದ್ದರೂ ಮಾತು ಮೂಗಿನಲ್ಲಿ ಬರುತ್ತಿತ್ತು, ಎರಡೆರಡು ಸಲ ಕೇಳಬೇಕಿತ್ತು. ಎದ್ದು ಓಡಾಡುವಂತಾದ ಕೂಡಲೇ ಶೆಡ್ಡಿನ ಬೀಗ ತೆಗೆದಳು. ಹೊಸ ಬಾಗಿಲು ಮಾಡುತ್ತಾಳೆ ಎಂದುಕೊಂಡೆ. ಮಾಡಿದ್ದು ಬೇರೆ. ಮೇಜಿನ ಕೆಳಗೆ ರೂಟರಿನ ಸುತ್ತ ಚೌಕಟ್ಟು, ಹಲಗೆ ಕೂಡಿಸಿ ಒಂದು ಪೆಟ್ಟಿಗೆ ಕಟ್ಟಿದಳು. ಅದಕ್ಕೆ ದಪ್ಪ ಕೊಳವೆ, ಕೊಳವೆಯ ತುದಿಗೆ ಧೂಳು ಎಳೆಯುವ ಯಂತ್ರ, ಅದರ ಚೀಲ ಗೋಡೆಯ ಆಚೆ. ತಗಡಿನ ಎರಡು ಮಗ್ಗುಲು ಬಿಚ್ಚಿಸಿ ಜಾಲರಿ ಹಾಕಿಸಿದಳು. ಯಂತ್ರ ಚಾಲು ಮಾಡುವ ಕೆಲಸ ನನ್ನದು, ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮಾಸ್ಕ್ ಹಾಕಿಕೊಂಡು. ಆಕೆ ಹೊರಗೆ ಕಲ್ಲಿನ ಮೇಲೆ ಕೂತು ಕೈಸನ್ನೆ ಮಾಡುತ್ತಿದ್ದಳು. ಬಿಸಿಲಿನ ಕೋಲಿನಲ್ಲಿ ಏನೂ ತೇಲುತ್ತಿಲ್ಲ ಎಂದು ಖಾತ್ರಿಯಾದ ದಿನ, "ಹುಲಿಗಿನ್ನ ಕರ್ಕೊಂಡು ಬಾ," ಎಂದಳು.

ನಾನು ತೆಕ್ಕಲಕೋಟೆಗೆ ಹೋದೆ. ಹುಲಿಗೆಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. "ಬರ್ತೀನಿ ನಡೀರಿ. ಅಕಿಗೆ ಹೇಳೋದು ಭಾಳ ಐತಿ ನಂದು," ಎಂದು ಚಪ್ಪಲಿ ಮೆಟ್ಟಿದಳು. ಬಸ್ಸಿನ ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದಂತೆ ಕಂಡಳು. ಶೆಡ್ಡಿನ ಮುಂದೆ ಕಲ್ಲಿನ ಮೇಲೆ ಕೂತ ಅಕ್ಕ ಸೆರಗು ಸರಿಸಿ ಮುಖ ಎತ್ತಿದಳು. ಹುಲಿಗೆಮ್ಮ ಚಪ್ಪಲಿ ಬಿಟ್ಟು ಆಕೆಯ ಎದುರು ನೆಲದ ಮೇಲೆ ಕೂತಳು.

ಧೂಳಿನ ವಿಷಯ ಅಕ್ಕನೇ ಹೇಳಿದಳು. ನಿಧಾನವಾಗಿ, ತಿಳಿಯದಿದ್ದ ಕಡೆ ಮತ್ತೆ ಹೇಳುತ್ತ.

"ಅವತ್ತೇ ಹೇಳಬಾರದಾಗಿತ್ತೇನು?" ಎಂದಳು ಹುಲಿಗೆಮ್ಮ. "ಹೊಟ್ಟಿಕಿಚ್ಚಿನಾಕಿ ಅಂತ ನಿನ್ನ ಬೈದ್ನಲ್ಲ ನಾನು!"

"ಹೇಳಿದ್ರ ಹೆದ್ರಿ ಓಡ್ತಿದ್ರಿ. ಹೆದ್ರಿ ಓಡಿದವರು ವಾಪಸ್ ಬರೂದಿಲ್ಲ, ನಮ್ಮ ಮನ್ಯಾಗ ಒಬ್ಬಾತ ಅದಾನ ನೋಡು. ಸಿಟ್ಟಿಲೆ ಹೋದವರು ಬೈಯಾಕಾದ್ರೂ ಬರ್ತಾರ." ಅವಳ ಕೈ ಹಿಡಿದು, "ಬಂದಿ ಅಲ್ಲ?" ಎಂದಳು.

ಉಳಿದವರಲ್ಲಿ ಬಂದವರು ಕಡಿಮೆ. ಬಂದವರಿಗೆ ಅಕ್ಕ ಹೊರಗಿನ ಕಲ್ಲಿನ ಮೇಲಿಂದಲೇ ಕಲಿಸಿದಳು. ಸದ್ದು ಕೇಳಿಯೇ ಯಾರು ಅವಸರ ಮಾಡುತ್ತಿದ್ದಾರೆ ಎಂದು ಗುರುತು ಹಿಡಿದು ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದಳು. ಹಾಗೆ ಒಂದು ಮಳೆಗಾಲ ಕಳೆಯಿತು. ಆಮೇಲೆ ಬಲಗಣ್ಣು ಮುಂದಕ್ಕೆ ಬರತೊಡಗಿತು. ಡಾಕ್ಟರು ಮತ್ತೆ ಆಪರೇಷನ್ ಆಗುವುದಿಲ್ಲ ಎಂದರು. ಅಕ್ಕ ಕಲ್ಲಿನ ಮೇಲೆ ಬಂದು ಕೂರುವುದನ್ನು ನಿಲ್ಲಿಸಿದ ದಿನದಿಂದ ಶೆಡ್ಡಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪ್ರತಿ ಸಲ ಗೇಟಿನ ಸದ್ದಾದಾಗ ಎಲ್ಲರ ಕೈ ನಿಲ್ಲುತ್ತಿತ್ತು.

ಈಗ ಶೆಡ್ಡು ನಡೆಸುವವಳು ಹುಲಿಗೆಮ್ಮ. ಮೊನ್ನೆ ಹೊಸಬರು ಕೆಲವರು ಕಲಿಯಲು ಬಂದಿದ್ದರು. ಯಂತ್ರ ತೋರಿಸುವ ಮೊದಲೇ ಅವರನ್ನು ಕೂರಿಸಿ, ಅಕ್ಕನಿಗೆ ಏನಾಯಿತು, ಹೇಗೆ ಆಯಿತು, ಕೊನೆಗೆ ಮುಖ ಹೇಗಿತ್ತು ಎಂದು ಒಂದನ್ನೂ ಬಿಡದೆ ಹೇಳಿದಳು. ನಾನು ನಡುವೆ ತಡೆಯಲು ಹೋದೆ.

"ಅಕ್ಕ ಹೇಳದಽ ಇದ್ದದ್ದು ತಪ್ಪು ಅಣ್ಣಾರ," ಎಂದಳು. "ಹೆದ್ರಿಕಿ ಅವರದು. ಓಡೂದು ಬಿಡೂದು ಅವರಽ ನೋಡ್ಕೊಳ್ಳಿ. ಮುಚ್ಚಿಡಾಕ ನಾವ್ಯಾರು?"

ಒಬ್ಬಳು ಎದ್ದು ಹೋದಳು. ಹುಲಿಗೆಮ್ಮ ಅವಳನ್ನು ಗೇಟಿನವರೆಗೂ ಬಿಟ್ಟು ಬಂದಳು. ಉಳಿದವರು ಮಾಸ್ಕ್ ಹಾಕಿಕೊಂಡರು.

ಹಳಬರೆಲ್ಲ ಮೂಗು ತೋರಿಸಿಕೊಳ್ಳಬೇಕೆಂದು ಹಟ ಹಿಡಿದವಳೂ ಆಕೆಯೇ. ನಮ್ಮನ್ನೆಲ್ಲ ಬಳ್ಳಾರಿಗೆ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಹೆಂಗಸರು ಒಬ್ಬೊಬ್ಬರೇ ಒಳಗೆ ಹೋಗಿ ನಗುತ್ತ ಹೊರಗೆ ಬಂದರು. ಕೊನೆಗೆ ನಾನು ಹೋದೆ. ಬಾಗಿಲು ಉಜ್ಜುತ್ತ ಅವರೆಲ್ಲರಿಗಿಂತ ಹೆಚ್ಚು ವರ್ಷ ಧೂಳು ಕುಡಿದವನು ನಾನು. ಡಾಕ್ಟರಮ್ಮ ದೀಪ ಹಾಕಿ ಎಡ ಮೂಗು ನೋಡಿದರು, ಬಲ ಮೂಗು ನೋಡಿದರು. ಮತ್ತೆ ಎಡಕ್ಕೆ ಬಂದರು. ದೀಪ ಅಲ್ಲೇ ಬಹಳ ಹೊತ್ತು ನಿಂತಿತು.

"ಏನೂ ಇರಲಿಕ್ಕಿಲ್ಲ. ಆದ್ರೂ ಒಂದು ಸ್ಕ್ಯಾನ್ ಮಾಡಿಸಿಬಿಡೋಣ," ಎಂದರು.

ಹೊರಗೆ ಬಂದೆ. ಹೆಂಗಸರು ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂದ್ರು ಅಣ್ಣಾರ?" ಎಂದಳು ಹುಲಿಗೆಮ್ಮ.

ಅಕ್ಕನ ಹಾಗೆ ನೆಗಡಿ ಎನ್ನಬಹುದಿತ್ತು. ಆಕೆಯ ಪಕ್ಕ ಕೂತು, ಡಾಕ್ಟರಮ್ಮ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ.